ಮುಟ್ಟು ನಿಂತ ಓಟಗಾರ್ತಿ

ಹದಿನೇಳು ವರ್ಷ, ಪಿಯುಸಿ, 1500 ಮೀಟರ್ ಓಟ, ಕ್ರೀಡಾ ಹಾಸ್ಟೆಲ್ ವಾಸ. ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.

"ಮೊದಲಿನ ಹಾಗೆ ಓಡ್ತಿಲ್ಲ, ಮಾತೆತ್ತಿದರೆ ಅಳು" ಎಂಬುದು ತಾಯಿಯ ದೂರು. ತಾಯಿ ಹೊರಗೆ ಕೂತ ಮೇಲೆ ಉಳಿದದ್ದು ಬಂತು. ಐದು ತಿಂಗಳಿಂದ ಮುಟ್ಟಾಗಿಲ್ಲ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಒಂದೇ ಕಡೆ ಒತ್ತಿದರೆ ನೋವು. "ಒಳ್ಳೇದೇ ಅಲ್ವಾ ಮೇಡಂ, ಮೀಟ್ ಟೈಮಲ್ಲಿ ತಾಪತ್ರಯ ಇಲ್ಲ" ಎಂದಳು. ಪ್ರತಿ ಸೋಮವಾರ ಎಲ್ಲರೆದುರು ತೂಕ ನೋಡುವ ಕೋಚ್ "ಎರಡು ಕೆಜಿ ಇಳಿಸು, ಟೈಮಿಂಗ್ ಬರುತ್ತೆ" ಎಂದಂದಿನಿಂದ ಅವಳು ರಾತ್ರಿ ಊಟ ಬಿಟ್ಟಿದ್ದಳು.

ತರಬೇತಿಯ ಖರ್ಚು ಕಳೆದು ದೇಹಕ್ಕೆ ಉಳಿಯುವ ಶಕ್ತಿಯ ಲೆಕ್ಕ ಹೀಗಿತ್ತು. ತೂಕ 46 ಕೆಜಿ, ಕೊಬ್ಬು ಕಳೆದರೆ ಸುಮಾರು 39. ದಿನದ ಊಟ 1700 ಕ್ಯಾಲೊರಿ, ತರಬೇತಿಗೆ ಹೋಗುವುದು 700. ಉಳಿದ 1000ವನ್ನು 39ರಿಂದ ಭಾಗಿಸಿದರೆ ಕೆಜಿಗೆ 26ಕ್ಕಿಂತ ಕಡಿಮೆ. 45ರ ಆಸುಪಾಸು ಬೇಕು. 30ರ ಕೆಳಗೆ ಬಹಳ ದಿನ ಉಳಿದರೆ ದೇಹ ಮುಟ್ಟು, ಮೂಳೆ, ಮನಸ್ಸು ಮೂರಕ್ಕೂ ಖರ್ಚು ಕಡಿತ ಮಾಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ 'ರೆಡ್-ಎಸ್' (ಕ್ರೀಡೆಯಲ್ಲಿ ತಲೆದೋರುವ ಸಾಪೇಕ್ಷ ಶಕ್ತಿ ಕೊರತೆ) ಎಂದು ಹೆಸರಿಟ್ಟಿತು. ಅವಳ ಅಳು ಸೋಮಾರಿತನದ್ದಲ್ಲ, ಹಸಿವಿನದ್ದು.

ಮೊದಲ ಸಲಹೆ ವೈದ್ಯರ ಭೇಟಿ: ಗರ್ಭಪರೀಕ್ಷೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಹೆಚ್ಚಾದರೆ ಮುಟ್ಟು ತಡೆಯುವ ಹಾರ್ಮೋನ್), ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ. ಕಾಲಿಗೆ ಎಂಆರ್‌ಐ, ಏಕೆಂದರೆ ಮೂಳೆಯ ಸೂಕ್ಷ್ಮ ಬಿರುಕು ಶುರುವಿನ ವಾರಗಳಲ್ಲಿ ಎಕ್ಸ್‌ರೇಗೆ ಸಿಗದೇ ಹೋಗಬಹುದು. ಮುಟ್ಟು ಬರಿಸಲೆಂದೇ ಹಾರ್ಮೋನ್ ಮಾತ್ರೆ ಕೊಟ್ಟರೆ ರಕ್ತಸ್ರಾವವೇನೋ ಆಗುತ್ತದೆ, ಮೂಲ ಕೊರತೆ ಮಾತ್ರ ಮುಚ್ಚಿಹೋಗುತ್ತದೆ. ಇದನ್ನು ತಾಯಿಗೆ ಎರಡೆರಡು ಸಲ ಬಿಡಿಸಿ ಹೇಳಬೇಕಾಯಿತು.

ಊಟಕ್ಕೆ ಸುಮಾರು 750 ಕ್ಯಾಲೊರಿ ಸೇರಬೇಕಿತ್ತು. ಒಮ್ಮೆಗೇ ಅಲ್ಲ, ಎರಡು ವಾರಕ್ಕೊಮ್ಮೆ 250ರಂತೆ. ಓಟಕ್ಕೆ ಮುಂಚೆ ಎರಡು ಬಾಳೆಹಣ್ಣು, ಮುಗಿದ ಅರ್ಧ ಗಂಟೆಯೊಳಗೆ ಒಂದು ದೊಡ್ಡ ಲೋಟ ಹಾಲು, ಎರಡು ಮೊಟ್ಟೆ. ಮಧ್ಯಾಹ್ನ ಅನ್ನಕ್ಕೆ ಎರಡು ಚಮಚ ತುಪ್ಪ, ಸಂಜೆ ಹಿಡಿ ಶೇಂಗಾ. ರಾತ್ರಿಯ ಮುದ್ದೆ ಬಿಡುವಂತಿಲ್ಲ. ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರೆ ಅದರ ಆಚೀಚೆ ಒಂದೆರಡು ಗಂಟೆ ಕಾಫಿ-ಟೀ ಬೇಡ. ಹಾಸ್ಟೆಲ್ ಹುಡುಗಿಯರು ತಪ್ಪುವುದು ಹೆಚ್ಚಾಗಿ ಇಲ್ಲೇ.

ಇಷ್ಟೆಲ್ಲ ಹುಡುಗಿಗೊಬ್ಬಳಿಗೇ ಹೇಳಿ ಕಳಿಸಿದರೆ ಸೋಮವಾರದ ತೂಕದ ಯಂತ್ರ ಒಂದೇ ವಾರದಲ್ಲಿ ಎಲ್ಲವನ್ನೂ ಅಳಿಸಿಹಾಕುತ್ತದೆ. ಆದ್ದರಿಂದ ಅವಳ ಮತ್ತು ತಾಯಿಯ ಒಪ್ಪಿಗೆ ಪಡೆದು ಕೋಚ್ ಜೊತೆ ಮಾತಾಡಲಾಯಿತು. ತೂಕ ತಿಂಗಳಿಗೊಮ್ಮೆ, ಒಬ್ಬೊಬ್ಬರನ್ನೇ ಕರೆದು; ಮುಟ್ಟಿನ ದಿನಾಂಕದ ದಾಖಲೆ ಕೋಚ್ ಬಳಿ ಅಲ್ಲ, ವಾರ್ಡನ್ ಅಮ್ಮನ ಬಳಿ. ಅವಳಿಗೆ ಹೇಳಲು ಒಂದು ವಾಕ್ಯ ಅಭ್ಯಾಸ ಮಾಡಿಸಲಾಯಿತು: "ಸರ್, ತೂಕದ ಮಾತು ಡಾಕ್ಟರ್ ಹತ್ರ ಆಗಲಿ, ನನಗೆ ವರ್ಕೌಟ್ ಹೇಳಿ." ಮೊದಲೆರಡು ಸಲ ಅವಳಿಂದ ಹೇಳಲಾಗಲಿಲ್ಲ.

ಎಂಆರ್‌ಐ ಬಿರುಕನ್ನು ಖಚಿತಪಡಿಸಿದ್ದರಿಂದ ಎಂಟು ವಾರ ಓಟ ನಿಂತಿತು. ಆಗಲೂ ಮೈದಾನ ಬಿಡಿಸಲಿಲ್ಲ: ಈಜು, ನೋವಿಲ್ಲದ ವ್ಯಾಯಾಮ, ಕಿರಿಯರಿಗೆ ಸ್ಟಾಪ್‌ವಾಚ್ ಹಿಡಿಯುವ ಕೆಲಸ. ನೋವಿಲ್ಲದೆ ಅರ್ಧ ಗಂಟೆ ಬಿರುಸಾಗಿ ನಡೆಯಲು ಬಂದ ಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ದಿನ ಬಿಟ್ಟು ದಿನ. ನೋವು ಮರುಕಳಿಸಿದರೆ ಹಿಂದಿನ ಹಂತಕ್ಕೆ.

ನಾಲ್ಕನೇ ತಿಂಗಳಲ್ಲಿ ಮುಟ್ಟಾಯಿತು. ಒಂದು ಸಲ ಆದದ್ದನ್ನೇ ಗುಣವೆಂದು ಹಿಡಿಯದೆ, ಸತತ ಮೂರು ಚಕ್ರ ಸರಿಯಾಗುವವರೆಗೆ ಆಹಾರದ ಪಟ್ಟಿ ಬದಲಿಸಬಾರದೆಂದು ತಿಳಿಸಲಾಗಿದೆ.