ಮದುವೆಗೆ ಫಿಲ್ಮೋ ಡಿಜಿಟಲ್ಲೋ?

ತಂಗಿಯ ಮದುವೆ ಪೂರ್ತಿ ಅಪ್ಪನ ಹಳೆಯ ಫಿಲ್ಮ್ ಕ್ಯಾಮೆರಾ ನಿಕಾನ್ ಎಫ್‌ಎಂ2ನಲ್ಲೇ ತೆಗೆಯಬಹುದಾ, ಇಲ್ಲಾ ಡಿಜಿಟಲ್ ಬಾಡಿಗೆಗೆ ತರಬೇಕಾ ಅಂತ ಕೇಳಿದ್ದೀರಿ. ಡಿಜಿಟಲ್ ತನ್ನಿ. ಎಫ್‌ಎಂ2 ಜೊತೆಗಿರಲಿ, ಆದರೆ ಮುಹೂರ್ತಕ್ಕೆ ಬೇಡ.

ಕಾರಣ ಬೆಳಕು. ಕಲ್ಯಾಣ ಮಂಟಪದ ಒಳಗೆ ಬೆಳಕು ಕಡಿಮೆ, ಅದೂ ನಾನಾ ಬಣ್ಣದ್ದು. ಸಾಮಾನ್ಯವಾಗಿ ಸಿಗುವ ಕಲರ್ ಫಿಲ್ಮ್ ಹಗಲು ಬೆಳಕಿಗೆ ಅಂತ ಮಾಡಿದ್ದು. ಹಳದಿ ಬಲ್ಬಿನಡಿ ಮುಖಗಳೆಲ್ಲ ಕಿತ್ತಳೆಗೆ ತಿರುಗುತ್ತವೆ. ಡಿಜಿಟಲ್‌ನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಸ್ಪಂದಿಸುವ ಮಟ್ಟ, ತಕ್ಷಣ 3200ಕ್ಕೆ ಏರಿಸಬಹುದು, ಬಣ್ಣವನ್ನೂ ಆಮೇಲೆ ಸರಿ ಮಾಡಬಹುದು. ಇನ್ನು ಮಾಂಗಲ್ಯ ಕಟ್ಟುವಾಗಲೇ ಫಿಲ್ಮ್ ರೋಲಿನ ಕೊನೆಯ, 36ನೇ ಫ್ರೇಮ್ ಮುಗಿದರೆ? ರೋಲ್ ಬದಲಾಯಿಸುವಷ್ಟರಲ್ಲಿ ಮೂರನೇ ಗಂಟೂ ಬಿದ್ದಿರುತ್ತದೆ, ಅಲ್ವಾ?

ಎರಡು ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾನೇ ಕೇಳಿ, ಎರಡರಲ್ಲೂ ಫೋಟೋ ಉಳಿಯುವ ಹಾಗೆ ಸೆಟ್ ಮಾಡಿ. ಬಿಳಿ ಪಂಚೆ, ಜರಿ ಒಮ್ಮೆ ಪೂರ್ತಿ ಬಿಳುಚಿಕೊಂಡರೆ ಡಿಜಿಟಲ್‌ನಲ್ಲಿ ವಾಪಸ್ ತರೋದು ಕಷ್ಟ. ಹಾಗಾಗಿ ಎಕ್ಸ್‌ಪೋಶರ್ (ಫೋಟೋಗೆ ಬೀಳುವ ಬೆಳಕು) ಸ್ವಲ್ಪ ಕಡಿಮೆ ಇಡಿ. ಕಲರ್ ನೆಗೆಟಿವ್ ಫಿಲ್ಮ್ ಇದಕ್ಕೆ ಉಲ್ಟಾ, ಬೆಳಕು ಜಾಸ್ತಿಯಾದರೂ ತಡೆದುಕೊಳ್ಳುತ್ತದೆ. ಅದಕ್ಕೇ ಎಫ್‌ಎಂ2ಗೆ ಬೆಳಗಿನ ಕೆಲಸ ಕೊಡಿ. ಕಿಟಕಿ ಪಕ್ಕ ತಂಗಿ ಹೂ ಮುಡಿಯುವುದು, ಹೊರಗೆ ಕಾಶಿಯಾತ್ರೆ. ಕೊಡಾಕ್ ಪೋರ್ಟ್ರಾ 400 ಅನ್ನುವ ಕಲರ್ ನೆಗೆಟಿವ್ ಫಿಲ್ಮ್ ಹಾಕಿ, ಮುಖದ ಬಣ್ಣ ತುಂಬಾ ಚೆನ್ನಾಗಿ ಬರುತ್ತದೆ. ಮೊದಲೇ ಒಂದು ರೋಲ್ ತೆಗೆದು ತೊಳೆಸಿ ನೋಡಿ. ಹಳೆಯ ಕ್ಯಾಮೆರಾದ ಹಿಂಬಾಗಿಲಿನ ಫೋಮ್ ಸವೆದಿದ್ದರೆ ಬೆಳಕು ಒಳಗೆ ಸೋರುತ್ತದೆ.

ಇನ್ನೊಂದು ಮಾತು. ನೀವು ಅಣ್ಣ, ಲಾಜಾಹೋಮದಲ್ಲಿ ತಂಗಿಯ ಕೈಗೆ ಅರಳು ಹಾಕುವವರು ನೀವೇ. ಆ ಹೊತ್ತಿಗೆ ಕ್ಯಾಮೆರಾ ಹಿಡಿಯೋಕೆ ಒಬ್ಬರನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಆಟೋಫೋಕಸ್ ಇರುವ ಡಿಜಿಟಲ್ ಆದರೆ ಧೈರ್ಯವಾಗಿ ಯಾರ ಕೈಗಾದರೂ ಕೊಡಬಹುದು.