‘ರಕ್ತದಾಗ ಎಲ್ಲಾ ನಾರ್ಮಲ್ ಐತ್ರಿ’: ಸಿಗರೇಟು ಬಿಡಲು ಒಪ್ಪದ ಸಿಒಪಿಡಿ ರೋಗಿ

ಹುಬ್ಬಳ್ಳಿ ಕಡೆಯ ಲೇಥ್ ಕೆಲಸಗಾರರು, ವಯಸ್ಸು 48. ಗುರುತು ಸಿಗದಂತೆ ವಿವರ ಬದಲಿಸಿದೆ. 24 ವರ್ಷಗಳಿಂದ ದಿನಕ್ಕೆ 15 ಸಿಗರೇಟು. ಮೆಟ್ಟಿಲು ಹತ್ತಿದರೆ ದಮ್ಮು, ಬೆಳಗ್ಗೆ ಕಫ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟ ಮೇಲೂ ಸ್ಪೈರೊಮೆಟ್ರಿಯಲ್ಲಿ (ಊದಿಸಿ ಉಸಿರು ಅಳೆಯುವ ಪರೀಕ್ಷೆ) ಎಫ್‌ಇವಿ1 (ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ) ಮತ್ತು ಎಫ್‌ವಿಸಿ (ಒಟ್ಟು ಊದಿದ ಗಾಳಿ) ಅನುಪಾತ 0.64, ಅಂದರೆ ಗಡಿಯಾದ 0.70ಕ್ಕಿಂತ ಕಡಿಮೆ. ವೈದ್ಯರು ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದು ಹೇಳಿ, ಚಟ ಬಿಡಿಸಲು ನಮ್ಮ ಬಳಿ ಕಳಿಸಿದ್ದರು.

ಕಾಯಿಲೆ ಎಷ್ಟು ಬೇಗ ಏರುತ್ತದೆಂದು ತಿಳಿಸುವ ಪ್ರೋಟೀನ್‌ಗಳಿವೆ ಎಂದು ಓದಿದ್ದ ಮಗ ಅವುಗಳಲ್ಲೊಂದಾದ ಫೈಬ್ರಿನೋಜೆನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಪರೀಕ್ಷೆ ಮಾಡಿಸಿದ್ದ. ಡೆಸಿಲೀಟರಿಗೆ 290 ಮಿ.ಗ್ರಾಂ. ಬಂದಿತ್ತು. ಆ ಚೀಟಿಯೇ ಈಗ ಅಡ್ಡಿ: “ರಕ್ತದಾಗ ಎಲ್ಲಾ ನಾರ್ಮಲ್ ಐತ್ರಿ. ಮತ್ತ ಬಿಡೂದು ಯಾಕ್ರಿ?”

ಗದರಿಸಲಿಲ್ಲ. ಅಂಕಿ ಹಿಡಿದು ಬಂದವರಿಗೆ ಅಂಕಿಯಲ್ಲೇ ಉತ್ತರ ಬೇಕು. ಫೈಬ್ರಿನೋಜೆನ್ ಅನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿದ್ದು ಔಷಧ ಪ್ರಯೋಗಗಳಿಗೆ ಹೆಚ್ಚು ಅಪಾಯದ ಸಿಒಪಿಡಿ ರೋಗಿಗಳನ್ನು ಆರಿಸಲು. ಅಲ್ಲಿನ ಗಡಿ 350, ಅದಕ್ಕಿಂತ ಮೇಲಿದ್ದರೆ ಅಪಾಯ ಹೆಚ್ಚು. ಗುಂಪನ್ನು ಜರಡಿ ಹಿಡಿಯುವ ಅಂಕಿ ಅದು, ಒಬ್ಬರ ಭವಿಷ್ಯ ಹೇಳದು. ಜ್ವರ, ಹಲ್ಲಿನ ಸೋಂಕು ಇದ್ದರೂ ಏರುತ್ತದೆ. ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರವ ಹಾಕಿದ ಟ್ಯೂಬಿಗೆ ಗುರುತಿನವರೆಗೆ ರಕ್ತ ತುಂಬದಿದ್ದರೆ ದ್ರವ ಹೆಚ್ಚಾಗಿ ಅಂಕಿ ತಪ್ಪಾಗಿ ಇಳಿಯುತ್ತದೆ.

“ಹಾಗಿದ್ರ ಸಿಸಿ16 ಮಾಡಿಸೋಣೇನ್ರಿ?” ಎಂದ ಮಗ. ಸಣ್ಣ ಶ್ವಾಸನಾಳಗಳ ಕ್ಲಬ್ ಕೋಶಗಳು ಸ್ರವಿಸುವ ಈ ಪ್ರೋಟೀನ್ ಹೊಗೆಯಿಂದ ಕುಗ್ಗುತ್ತದೆ. ಸಿಒಪಿಡಿ ರೋಗಿಗಳ ಎಕ್ಲಿಪ್ಸ್ ಅಧ್ಯಯನದಲ್ಲಿ ಎಫ್‌ಇವಿ1 ಇಳಿಕೆಯೊಂದಿಗೆ ಅದರ ನಂಟು ಕಂಡಿತು. ಆದರೆ ಮೂತ್ರಪಿಂಡ ದುರ್ಬಲವಾದರೆ ಅದು ರಕ್ತದಲ್ಲೇ ಉಳಿದು ಏರುತ್ತದೆ. ಸುಳ್ಳು ಧೈರ್ಯ ಕೊಡುತ್ತದೆ. ಬೇಡ ಎಂದೆವು. ಶ್ವಾಸಕೋಶ ಕಾಪಾಡುವ ಪ್ರೋಟೀನ್ ಆಲ್ಫಾ-1 ಆಂಟಿಟ್ರಿಪ್ಸಿನ್ ಪರೀಕ್ಷೆ ಮಾತ್ರ ಜೀವಮಾನದಲ್ಲಿ ಒಮ್ಮೆ ಮಾಡಿಸಲೇಬೇಕಾದದ್ದು, ಸೋಂಕಿಲ್ಲದ ದಿನ ನೋಡಿ. ಅದರ ಕೊರತೆ ವಂಶದಲ್ಲಿ ಬರುವಂಥದ್ದು. ಕಡಿಮೆ ಬಂದರೆ ಮಗನೂ ಪರೀಕ್ಷಿಸಿಕೊಳ್ಳಬೇಕು.

ತಂದೆಯ ಕಣ್ಣು ನಿಂತದ್ದು ಇನ್ನೊಂದು ಲೆಕ್ಕದ ಮೇಲೆ. ಅಮೆರಿಕ, ಕೆನಡಾಗಳ ಲಂಗ್ ಹೆಲ್ತ್ ಸ್ಟಡಿಯಲ್ಲಿ ಸೇದುತ್ತಲೇ ಹೋದ ಗಂಡಸರು ವರ್ಷಕ್ಕೆ ಸುಮಾರು 66 ಮಿ.ಲೀ. ಎಫ್‌ಇವಿ1 ಕಳೆದುಕೊಂಡರು, ಬಿಟ್ಟು ಹಾಗೇ ಉಳಿದವರು 30. ಹನ್ನೊಂದು ವರ್ಷಕ್ಕೆ ವ್ಯತ್ಯಾಸ 400 ಮಿ.ಲೀ. ಹತ್ತಿರ. ಮೇಜಿನ ಮೇಲೆ ಅಷ್ಟು ನೀರನ್ನು ಅಳತೆ ಲೋಟದಲ್ಲಿ ಇಟ್ಟು ತೋರಿಸಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಕೊಟ್ಟ ಸಲಹೆ: ಬಿಡುವ ದಿನವನ್ನು ಎರಡು ವಾರದೊಳಗೆ ಅವರೇ ಗೊತ್ತು ಮಾಡುವುದು. ಮೊದಲ ಸಿಗರೇಟು ಎದ್ದು ಒಂದು ಗಂಟೆಯ ನಂತರವಾದ್ದರಿಂದ 2 ಮಿ.ಗ್ರಾಂ. ನಿಕೋಟಿನ್ ಗಮ್ ಸಾಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು. ಹೆಚ್ಚಿನವರು ಎಡವುವುದು ಇಲ್ಲೇ: ಎಲೆ-ಅಡಿಕೆಯಂತೆ ಅಗಿದು ರಸ ನುಂಗುತ್ತಾರೆ, ಬಿಕ್ಕಳಿಕೆ, ಹೊಟ್ಟೆಯುರಿ ಬಂದು ‘ಇದು ಆಗಿಬರಲ್ಲ’ ಎಂದು ಬಿಡುತ್ತಾರೆ. ನಾಲಿಗೆ ಚುರುಗುಟ್ಟುವವರೆಗೆ ಮೆಲ್ಲಗೆ ಅಗಿದು ದವಡೆಯಲ್ಲಿ ಒತ್ತಿಡಬೇಕು, ಚುರುಕು ಹೋದಾಗ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದ ಚಹಾ, ಕಾಫಿ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಹೀರಿಕೊಳ್ಳದು. ಕೈ ಚಡಪಡಿಸಿದರೆ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356.

ಸ್ಪೈರೊಮೆಟ್ರಿ ವರ್ಷಕ್ಕೊಮ್ಮೆ, ಒಂದೇ ಕಡೆ, ಔಷಧ ಕೊಟ್ಟ ನಂತರ. ಒಂದು ವರ್ಷದ ಏರಿಳಿತ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಒಂದೇ ದಿನದ ಎರಡು ಊದುಗಳ ನಡುವೆಯೇ 150 ಮಿ.ಲೀ. ವ್ಯತ್ಯಾಸ ಒಪ್ಪಿತ.

ಆರನೇ ವಾರಕ್ಕೆ ಬಂದಾಗ ಸಂಜೆ ಚಹಾದಂಗಡಿಯ ಎರಡು ಸಿಗರೇಟು ಮಾತ್ರ ಉಳಿದಿದ್ದವು. ಆ ಚಹಾವನ್ನು ಮನೆಯಲ್ಲೇ ಕುಡಿಯುವುದು ಎಂದು ಗೊತ್ತುಪಡಿಸಿ, ಎರಡು ವಾರ ಬಿಟ್ಟು ಬರಹೇಳಿದೆವು.