ಓದುಗರ ಪ್ರಶ್ನೆ: ಅಟ್ಟದ ಕ್ಯಾಸೆಟ್, ಕೈಯಲ್ಲಿ ಹಿಡಿಯುವ ಗೇಮ್

ಹಳೇ ಟಿವಿ ಗೇಮಿನ ಕ್ಯಾಸೆಟ್ ಸಿಕ್ಕಿಸಿ ಕೈಯಲ್ಲೇ ಆಡುವ ಕ್ಲೋನ್ (ಮೂಲ ಗೇಮಿನ ನಕಲು) ಯಂತ್ರಗಳ ಬಗ್ಗೆ ಮಂಗಳೂರು, ಉಡುಪಿ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಆರಿಸಿದ್ದೇವೆ. ಒಂದೇ ಬಗೆಯ ದೂರುಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ (ಸುರತ್ಕಲ್): ಮನೆಯ ಅಟ್ಟದಲ್ಲಿ ತೊಂಬತ್ತರ ದಶಕದ ಹಳದಿ ಕ್ಯಾಸೆಟ್ ಹತ್ತು-ಹನ್ನೆರಡು ಉಂಟು. ಅದನ್ನೇ ಹಾಕಿ ಆಡುವ ಕೈಗೇಮ್ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ನೋಡಿದೆ. ಅಂಗಡಿಯವರು ಹೆಚ್ಚೆಂದರೆ ಹತ್ತು ನಿಮಿಷ ಕೊಟ್ಟಾರು. ಅಷ್ಟರಲ್ಲಿ ಎಂತೆಲ್ಲ ನೋಡಬೇಕು?

ಉತ್ತರ: ಅರ್ಧ ಕೆಲಸ ಮನೆಯಲ್ಲೇ ಮುಗಿಸಿಕೊಂಡು ಹೋದರೆ ಹತ್ತು ನಿಮಿಷ ಧಾರಾಳ ಸಾಕು. ಮೊದಲು ಕ್ಯಾಸೆಟ್ಟಿನ ಬಾಯಲ್ಲಿ ಕಾಣುವ ಲೋಹದ ಪಟ್ಟಿಗಳನ್ನು, ಅಂದರೆ ಪಿನ್ನುಗಳನ್ನು, ಎಣಿಸಿ. ಒಂದು ಬದಿಗೆ 30, ಒಟ್ಟು 60 ಇದ್ದರೆ ಅದು ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಕಂಪನಿಯ ಟಿವಿ ಗೇಮ್ ಫ್ಯಾಮಿಕಾಮ್ ಮಾದರಿ. ನಮ್ಮಲ್ಲಿ ಓಡಾಡಿದ ಹಳದಿ ಕ್ಯಾಸೆಟ್‌ಗಳು ಬಹುಪಾಲು ಇವೇ. ಒಂದು ಬದಿಗೆ 36 ಇದ್ದರೆ ಅದು ಅಮೆರಿಕದ ಎನ್‌ಇಎಸ್ ಮಾದರಿ, ಅದೇ ಗೇಮಿನ ಅಲ್ಲಿನ ರೂಪ, 72 ಪಿನ್ನಿನದು. ‘ಎಲ್ಲಾ ಕ್ಯಾಸೆಟ್ ಹಿಡಿಯುತ್ತದೆ’ ಎಂಬ ಮಾತಿಗೆ ಬೆಲೆ ಇಲ್ಲ. ಸ್ಲಾಟ್ ಎಷ್ಟು ಪಿನ್ನಿನದು ಎಂದೇ ಕೇಳಿ.

ಮೂರು ಕ್ಯಾಸೆಟ್ ಒರೆಸಿ ಜೊತೆಗಿಟ್ಟುಕೊಳ್ಳಿ. ಒಂದು, ಮಾರಿಯೊ ಮೊದಲ ಭಾಗದಂಥ ಸಾದಾ ಆಟ. ಅದರಲ್ಲಿ 32 ಕೆಬಿ ಪ್ರೋಗ್ರಾಂ, 8 ಕೆಬಿ ಚಿತ್ರ, ಅಷ್ಟೆ. ಸಹಾಯಕ ಚಿಪ್ ಇಲ್ಲ. ಅದೇ ಓಡದಿದ್ದರೆ ಮುಂದಿನ ಪರೀಕ್ಷೆಯೇ ಬೇಡ. ಆದರೆ ಅದು ಓಡಿತು ಎಂದ ಮಾತ್ರಕ್ಕೆ ಯಂತ್ರ ಒಳ್ಳೆಯದು ಎಂದೂ ಅಲ್ಲ. ಎರಡನೆಯದು ಮಾರಿಯೊ ಮೂರನೇ ಭಾಗ ಸಿಕ್ಕಿದರೆ ಉತ್ತಮ. ಅದರ ತೆರೆಯ ಕೆಳಗಡೆ ಅಂಕ, ಸಮಯ ತೋರಿಸುವ ಪಟ್ಟಿ ಇದೆ. ಮೇಲಿನ ಚಿತ್ರ ಓಡುತ್ತಿರುವಾಗ ಆ ಪಟ್ಟಿ ನಿಂತಲ್ಲೇ ನಿಲ್ಲಬೇಕಾದರೆ, ಕ್ಯಾಸೆಟ್ಟಿನೊಳಗಿನ ಎಂಎಂಸಿ3 ಎಂಬ ಚಿಪ್ ತೆರೆಯ ಗೆರೆಗಳನ್ನು ಎಣಿಸಿ ಸರಿಯಾದ ಗೆರೆಗೆ ಪ್ರೊಸೆಸರಿಗೆ ಸನ್ನೆ ಕೊಡಬೇಕು. ಕ್ಲೋನ್ ಯಂತ್ರದ ಲೆಕ್ಕ ಹೆಚ್ಚುಕಡಿಮೆಯಾದರೆ ಪಟ್ಟಿ ಗಡಗಡ ನಡುಗುತ್ತದೆ, ಇಲ್ಲವೇ ಒಂದೆರಡು ಗೆರೆ ಹರಿದಂತೆ ಕಾಣುತ್ತದೆ. ಮೂರನೆಯದು ಯಾವುದಾದರೂ ಬಹು ಆಟಗಳ ಕ್ಯಾಸೆಟ್.

ಅಂಗಡಿಯಲ್ಲಿ ಕ್ಯಾಸೆಟ್ ಹಾಕುವಾಗಲೂ ತೆಗೆಯುವಾಗಲೂ ಸ್ವಿಚ್ ಆಫ್ ಇರಲಿ. ಆಟ ಶುರುವಾದ ಮೇಲೆ ಕ್ಯಾಸೆಟ್ಟಿನ ಮೇಲ್ತುದಿಯನ್ನು ಬೆರಳಿನಿಂದ ಎರಡು ಮಿಲಿಮೀಟರಿನಷ್ಟು ಹಿಂದೆ ಮುಂದೆ ಅಲ್ಲಾಡಿಸಿ. ಅಷ್ಟಕ್ಕೇ ಆಟ ನಿಂತರೆ ಆ ಯಂತ್ರ ಬೇಡ. ಟಿವಿಯ ಕೆಳಗೆ ಕೂತ ಪೆಟ್ಟಿಗೆಗೆ ಈ ಪರೀಕ್ಷೆ ಅಗತ್ಯವಿರಲಿಲ್ಲ. ಕೈಗೇಮಿನಲ್ಲಿ ಕ್ಯಾಸೆಟ್ ತಲೆಯ ಮೇಲೆ ಎದ್ದು ನಿಂತಿರುತ್ತದೆ, ಪ್ರತಿ ಸಲ ಕೈ ವಾಲಿದಾಗಲೂ ಅದರ ಭಾರ ಸ್ಲಾಟಿನ ಬೆಸುಗೆಯ ಮೇಲೇ ಬೀಳುತ್ತದೆ.

ಆಮೇಲೆ ದಿಕ್ಕಿನ ಬಟನ್. ಬಲಕ್ಕೆ ಒತ್ತಿ ಓಡುತ್ತಲೇ ಹೆಬ್ಬೆರಳನ್ನು ಸ್ವಲ್ಪ ಮೇಲೆ ಕೆಳಗೆ ಉರುಳಿಸಿ. ಮಾರಿಯೊ ತಾನಾಗಿ ಕುಳಿತರೆ, ತಡವರಿಸಿದರೆ, ಒಳಗಿನ ರಬ್ಬರ್ ಪ್ಯಾಡ್ ಸಡಿಲ ಎಂದರ್ಥ. ಇಟ್ಟಿಗೆ ಗೋಡೆಯ ಮುಂದೆ ನಿಧಾನ ನಡೆದು ಚಿತ್ರವನ್ನೂ ಗಮನಿಸಿ. ಮೂಲ ಚಿತ್ರದ ಅಗಲ 256 ಚುಕ್ಕಿ. ಅದನ್ನು 320 ಚುಕ್ಕಿಯ ತೆರೆಗೆ ಒರಟಾಗಿ ಎಳೆದರೆ ಪ್ರತಿ ನಾಲ್ಕನೆಯ ಚುಕ್ಕಿ ಎರಡರಷ್ಟು ಅಗಲವಾಗುತ್ತದೆ. ನಡೆಯುವಾಗ ಇಟ್ಟಿಗೆಯ ಸಂದುಗಳು ಒಮ್ಮೆ ದಪ್ಪ, ಒಮ್ಮೆ ಸಪೂರ ಆಗಿ ಅಲೆಯಂತೆ ಸರಿಯುತ್ತವೆ. ಕೆಲವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ, ಒಮ್ಮೆ ಬಿದ್ದವರಿಗೆ ಮತ್ತೆ ಬೇರೇನೂ ಕಾಣುವುದಿಲ್ಲ! ಒಂದೇ ಸಾಲಿನಲ್ಲಿ ತುಂಬಾ ಶತ್ರುಗಳು ಸೇರಿದಾಗ ಅವು ಮಿಣುಕುವುದು ಮಾತ್ರ ದೋಷವಲ್ಲ. ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ (ಓಡಾಡುವ ಚಿತ್ರದ ತುಣುಕು) ತೋರಿಸಲು ಮೂಲ ಯಂತ್ರಕ್ಕೂ ಆಗುತ್ತಿರಲಿಲ್ಲ.

ಪ್ರಶ್ನೆ (ಉಡುಪಿ, ಕಡಿಯಾಳಿ): ಬೇಸಿಗೆಯಲ್ಲಿ ಚೆಂದ ಓಡುತ್ತಿದ್ದ ಕ್ಯಾಸೆಟ್ ಜೂನ್ ಕಳೆದ ಮೇಲೆ ಹತ್ತು ಸಲ ಊದಿದರೂ ಓಡುವುದಿಲ್ಲ. ಕೆಲವೊಮ್ಮೆ ಬರೀ ಬೂದು ತೆರೆ, ಕೆಲವೊಮ್ಮೆ ಆಟ ಓಡುತ್ತದೆ ಆದರೆ ಮಾರಿಯೊ ಇರಬೇಕಾದಲ್ಲಿ ಅಕ್ಷರಗಳ ರಾಶಿ.

ಉತ್ತರ: ಊದುವುದನ್ನು ಮೊದಲು ನಿಲ್ಲಿಸಿ. ಬಾಯಿಯ ಉಗಿಯ ತೇವ, ಕಡಲ ಕಡೆಯ ಉಪ್ಪುಗಾಳಿ ಎರಡೂ ಸೇರಿದರೆ ಲೋಹದ ಪಟ್ಟಿಗೆ ಕಿಲುಬು ಹಿಡಿಯಲು ಮತ್ತೇನೂ ಬೇಡ. ಊದಿದ ಮೇಲೆ ಓಡಿತು ಎನ್ನುವುದು ಹೆಚ್ಚಾಗಿ ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ.

ನಿಮ್ಮ ಎರಡು ಲಕ್ಷಣಗಳು ಎರಡು ಬೇರೆ ಜಾಗ ತೋರಿಸುತ್ತವೆ. 60 ಪಿನ್ನಿನ ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಮತ್ತು ಚಿತ್ರ ಬೇರೆ ಬೇರೆ ದಾರಿಯಲ್ಲಿ ಹೋಗುತ್ತವೆ. 2ರಿಂದ 15 ಮತ್ತು 32ರಿಂದ 44ನೇ ಪಿನ್ ಪ್ರೋಗ್ರಾಮಿನವು, 17ರಿಂದ 29 ಮತ್ತು 47ರಿಂದ 60 ಚಿತ್ರದವು. ಅಂದರೆ ಅಂಚಿನ ಒಂದು ಅರ್ಧ ಪ್ರೋಗ್ರಾಮಿಗೆ, ಇನ್ನೊಂದು ಅರ್ಧ ಚಿತ್ರಕ್ಕೆ. ಬರೀ ಬೂದು ತೆರೆ ಎಂದರೆ ಪ್ರೋಗ್ರಾಮೇ ಓದಲಾಗುತ್ತಿಲ್ಲ. ಆಟ ಓಡುತ್ತಿದ್ದು ಚಿತ್ರ ಕಲಸಿದ್ದರೆ ಕೊಳೆ ಇನ್ನೊಂದು ಅರ್ಧದಲ್ಲಿದೆ. ಎರಡೂ ಸರದಿಯಲ್ಲಿ ಬರುತ್ತಿದ್ದರೆ ಸ್ಲಾಟನ್ನೂ ಸಂಶಯಿಸಬೇಕು.

ಮೊಬೈಲ್ ರಿಪೇರಿ ಸಾಮಾನು ಮಾರುವಲ್ಲಿ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, ‘ಐಪಿಎ’ ಎಂದು ಕೇಳಿದರೆ ಸಾಕು. ಇಯರ್ ಬಡ್ ಅದ್ದಿ ಪಟ್ಟಿಗಳ ಉದ್ದಕ್ಕೆ, ಒಳಗಿನಿಂದ ಹೊರಕ್ಕೆ ಒರೆಸಿ. ಅಡ್ಡ ಒರೆಸಿದರೆ ಒಂದರ ಕೊಳೆ ಇನ್ನೊಂದಕ್ಕೆ. ಬಡ್ ಕಪ್ಪಾಗುವುದು ನಿಂತ ಮೇಲೆ ಹತ್ತು ನಿಮಿಷ ಒಣಗಲು ಬಿಡಿ. ಹಸಿರು ಕಿಲುಬು ಹೋಗದಿದ್ದರೆ ಮಾತ್ರ ಪೆನ್ಸಿಲ್ ಅಳಿಸುವ ಮೆತ್ತಗಿನ ರಬ್ಬರ್, ಅದೂ ನಾಲ್ಕೈದು ಸಲ. ಅಗ್ಗದ ಕ್ಯಾಸೆಟ್‌ಗಳ ಲೇಪ ತೀರಾ ತೆಳು. ಉಜ್ಜಿ ತಾಮ್ರ ಹೊರಬಿದ್ದರೆ ಮುಂದಿನ ಮಳೆಗಾಲಕ್ಕೆ ಕಿಲುಬು ಇಮ್ಮಡಿ. ಸ್ಯಾಂಡ್ ಪೇಪರ್, ತುಕ್ಕು ಬಿಡಿಸುವ ಸ್ಪ್ರೇ, ಗ್ಲಿಸರಿನ್ ಇರುವ ಸ್ಯಾನಿಟೈಸರ್ ಮೂರೂ ಬೇಡ.

ಸ್ಲಾಟಿಗೆ ಬಡ್ ಹೋಗುವುದಿಲ್ಲ. ಕ್ಯಾಸೆಟ್ಟಿನ ಅಂಚಿಗೇ ಐಪಿಎ ಹಚ್ಚಿ, ಬ್ಯಾಟರಿ ತೆಗೆದಿಟ್ಟ ಯಂತ್ರದಲ್ಲಿ ಐದಾರು ಸಲ ಹಾಕಿ ತೆಗೆಯಿರಿ, ಪ್ರತಿ ಸಲವೂ ಅಂಚು ಒರೆಸಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಅಟ್ಟ ಬೇಡವೇ ಬೇಡ.

ಪ್ರಶ್ನೆ (ಮಂಗಳೂರು, ಕದ್ರಿ): ಚಿತ್ರ ಸರಿ ಉಂಟು ಮಾರಾಯ್ರೆ, ಆದರೆ ಸಂಗೀತ ಮೂಗಿನಲ್ಲಿ ಹಾಡಿದ ಹಾಗೆ. ಸ್ಪೀಕರ್ ಬದಲಿಸಿದರೂ ಅಷ್ಟೆ.

ಉತ್ತರ: ಸ್ಪೀಕರಿನ ತಪ್ಪಲ್ಲ, ಇನ್ನು ಅದಕ್ಕೆ ದುಡ್ಡು ಹಾಕಬೇಡಿ. ಮೂಲ ಚಿಪ್ಪಿನಲ್ಲಿ ರಾಗ ನುಡಿಸುವ ಎರಡು ಚೌಕ ಅಲೆಯ ದಾರಿಗಳಿವೆ. ಅಲೆ ಎಷ್ಟು ಹೊತ್ತು ಮೇಲಿರಬೇಕು ಎಂಬುದಕ್ಕೆ 12.5, 25, 50, 75 ಶೇಕಡಾ ಎಂಬ ನಾಲ್ಕು ಆಯ್ಕೆ. ಹಲವು ಕ್ಲೋನ್ ಚಿಪ್‌ಗಳಲ್ಲಿ 25 ಮತ್ತು 50 ಅದಲು ಬದಲಾಗಿವೆ. ಸ್ವರ, ತಾಳ ಎಲ್ಲ ಸರಿಯಿದ್ದು ದನಿಯ ಬಣ್ಣ ಮಾತ್ರ ಬೇರೆಯಾಗುವುದು ಅದರಿಂದ. ಚಿಪ್ ಕಪ್ಪು ಅಂಟಿನ ಗುಂಡಿನ ಕೆಳಗಿರುವುದರಿಂದ ರಿಪೇರಿ ಇಲ್ಲ. ಚಿಕ್ಕಂದಿನಲ್ಲಿ ಕ್ಲೋನ್ ಪೆಟ್ಟಿಗೆಯಲ್ಲೇ ಆಡಿದವರಿಗೆ ಈ ತಪ್ಪು ದನಿಯೇ ಸರಿ ಅನ್ನಿಸಬಹುದು, ಅದು ಬೇರೆ ಮಾತು.

ಇದೇ ಸಾಲಿನ ಇನ್ನೊಂದು ದೂರು: 72 ಪಿನ್ನಿನ ಕ್ಯಾಸೆಟ್ಟನ್ನು ಅಡಾಪ್ಟರ್ ಮೂಲಕ 60 ಪಿನ್ನಿನ ಯಂತ್ರಕ್ಕೆ ಹಾಕಿದರೆ ದನಿಯೇ ಇಲ್ಲ. ಫ್ಯಾಮಿಕಾಮ್ ವ್ಯವಸ್ಥೆಯಲ್ಲಿ ದನಿ 45ನೇ ಪಿನ್ನಿನಿಂದ ಕ್ಯಾಸೆಟ್ಟಿಗೆ ಹೋಗಿ 46ರಿಂದ ವಾಪಸ್ ಬರುತ್ತದೆ. ಹೆಚ್ಚುವರಿ ಧ್ವನಿ ಚಿಪ್ ಇರುವ ಜಪಾನಿ ಕ್ಯಾಸೆಟ್‌ಗಳು ತಮ್ಮ ದನಿ ಬೆರೆಸಲೆಂದು ಮಾಡಿದ ಸುತ್ತುದಾರಿ ಇದು. ಸಾದಾ ಕ್ಯಾಸೆಟ್ ಒಳಗೆ ಇವೆರಡನ್ನೂ ಸೇರಿಸಿರುತ್ತಾರೆ. ಅಡಾಪ್ಟರಿನಲ್ಲಿ ಸೇರಿಸದಿದ್ದರೆ ಮೌನ. ಮಲ್ಟಿಮೀಟರ್ ಬೀಪಿನಲ್ಲಿಟ್ಟು ಅಡಾಪ್ಟರಿನ 45 ಮತ್ತು 46ನೇ ಪಿನ್ನಿಗೆ ಹಿಡಿಯಿರಿ. ಸದ್ದು ಬಾರದಿದ್ದರೆ ಅಡಾಪ್ಟರಿನಲ್ಲಿ ಒಂದು ಸೆಂಟಿಮೀಟರ್ ತಂತಿ ಬೆಸೆದರೆ ಕೆಲಸ ಮುಗಿಯಿತು.

ಪ್ರಶ್ನೆ (ಕುಂದಾಪುರ): ನಿಂಟೆಂಡೊದ ಹಳೇ ಕೈಗೇಮ್ ಗೇಮ್ ಬಾಯ್ ಕ್ಯಾಸೆಟ್ ಹಿಡಿಯುವ ಕ್ಲೋನ್ ತರಿಸಿದ್ದೇನೆ. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ ಸಹ ಹಾಕಬಹುದಾ? ಮತ್ತೆ, ಪೋಕೆಮಾನ್ ಗೋಲ್ಡ್ ಸೇವ್ ಮಾಡಿದ್ದು ಮರುದಿನಕ್ಕೆ ಇರುವುದಿಲ್ಲ.

ಉತ್ತರ: ಅಳೆಯದೆ ಹಾಕಬೇಡಿ. ಎರಡೂ 32 ಪಿನ್ನಿನವೇ, ಆದರೆ 1989ರ ಗೇಮ್ ಬಾಯ್ ಕ್ಯಾಸೆಟ್ಟಿಗೆ 5 ವೋಲ್ಟ್, 2001ರ ಅಡ್ವಾನ್ಸ್ ಕ್ಯಾಸೆಟ್ಟಿಗೆ 3.3 ವೋಲ್ಟ್. ಮೂಲ ಅಡ್ವಾನ್ಸ್ ಯಂತ್ರದ ಸ್ಲಾಟಿನೊಳಗೆ ಒಂದು ಪುಟ್ಟ ಸ್ವಿಚ್ ಇದೆ. ಹಳೆಯ ಕ್ಯಾಸೆಟ್ಟಿನ ಮೈ ಅದನ್ನು ಒತ್ತಿ 5 ವೋಲ್ಟಿಗೆ ತಿರುಗಿಸುತ್ತದೆ, ಹೊಸದರ ಮೈಯಲ್ಲಿ ಆ ಜಾಗ ಕೊರೆದಿರುತ್ತದೆ. ನಿಮ್ಮ ಕ್ಲೋನಿನಲ್ಲಿ ಅದು ಇದೆಯೋ ಇಲ್ಲವೋ ಮೀಟರ್ ಹೇಳಲಿ. ಸ್ಲಾಟ್ ಖಾಲಿ ಇಟ್ಟು ಯಂತ್ರ ಆನ್ ಮಾಡಿ, ಎರಡು ತುದಿಯ ಪಿನ್‌ಗಳಿಗೆ ಮೀಟರ್ ಹಿಡಿಯಿರಿ (1 ವಿದ್ಯುತ್, 32 ಗ್ರೌಂಡ್, ಪಕ್ಕದ ಪಿನ್ನಿಗೆ ತಾಗದಿರಲಿ). 5 ತೋರಿಸಿದರೆ ಅಡ್ವಾನ್ಸ್ ಕ್ಯಾಸೆಟ್ ಅದರ ಹತ್ತಿರವೂ ಸುಳಿಯಬಾರದು.

ಸೇವ್ ವಿಷಯ. ಗೋಲ್ಡ್, ಸಿಲ್ವರ್, ಕ್ರಿಸ್ಟಲ್ ಮೂರರಲ್ಲೂ ಸೇವ್ ಮತ್ತು ಗಡಿಯಾರ ಎರಡೂ ಒಂದೇ ಸಿಆರ್2025 ಸೆಲ್ ನಂಬಿವೆ. ಗಡಿಯಾರ ಹಗಲೂ ರಾತ್ರಿ ಓಡುವುದರಿಂದ ಸೆಲ್ ಬೇಗ ಸೋಲುತ್ತದೆ. ಅಡ್ವಾನ್ಸಿನ ಪೋಕೆಮಾನ್ ಆಟಗಳಾದ ರೂಬಿ, ಸಫೈರ್, ಎಮರಾಲ್ಡ್ ಹಾಗಲ್ಲ. ಅವುಗಳ ಸೇವ್ ಫ್ಲ್ಯಾಶ್ ಚಿಪ್ಪಿನಲ್ಲಿ, ಸೆಲ್ ಸತ್ತರೆ ಗಡಿಯಾರ ಮಾತ್ರ ನಿಲ್ಲುತ್ತದೆ. 3.8 ಮಿ.ಮೀ. ಗೇಮ್‌ಬಿಟ್ ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ, ಸೆಲ್ಲಿನ ಮೇಲೇ ಮೀಟರ್ ಹಿಡಿಯಿರಿ. ಹೊಸ ಸೆಲ್ 3.2 ವೋಲ್ಟ್ ಆಸುಪಾಸು, 2.7ಕ್ಕಿಂತ ಕೆಳಗೆ ಬಂದರೆ ಬದಲಿಸಿ. ಟ್ಯಾಬ್ ಬೆಸೆದೇ ಬರುವ ಸೆಲ್ ಕೊಳ್ಳಿ. ಬರಿಯ ಸೆಲ್ಲಿಗೆ ನೇರ ಬೆಸುಗೆ ಹಾಕಿದರೆ ಕಾವಿಗೆ ಒಳಗೇ ಕೆಡುತ್ತದೆ. ಬೆಸುಗೆಯ ಕಾವು 350 ಡಿಗ್ರಿ, ಒಂದು ಟ್ಯಾಬಿಗೆ ಎರಡು ಮೂರು ಸೆಕೆಂಡು. ಪ್ಲಸ್ ಮೈನಸ್ ಎಲ್ಲಿತ್ತು ಎಂದು ಬಿಚ್ಚುವ ಮೊದಲೇ ಫೋಟೊ ತೆಗೆದಿಡಿ.

ಸೆಲ್ ಸರಿಯಿದ್ದೂ ಸೇವ್ ಹೋಗುತ್ತಿದ್ದರೆ ಯಂತ್ರದ ಜಾತಿ ನೋಡಬೇಕು. ಕೆಲವು ಯಂತ್ರಗಳು ಕ್ಯಾಸೆಟ್ಟನ್ನು ಮೊದಲು ಪೂರ್ತಿ ನಕಲು ಮಾಡಿಕೊಂಡು ಆಮೇಲೆ ಎಮ್ಯುಲೇಟರಿನಲ್ಲಿ (ಮೂಲ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್) ಓಡಿಸುತ್ತವೆ. ಅಂಥದ್ದರಲ್ಲಿ ಸೇವ್ ಯಂತ್ರದಲ್ಲೇ ಉಳಿಯಬಹುದು, ಕ್ಯಾಸೆಟ್ಟಿಗೆ ಬಾರದಿರಬಹುದು. ಗುರುತು: ಆನ್ ಮಾಡಿದ ಮೇಲೆ ಕೆಲವು ಸೆಕೆಂಡು ‘ಓದುತ್ತಿದೆ’ ಎಂದು ಕಾಯಿಸುತ್ತವೆ. ಸೇವ್ ಮಾಡಿ, ಆಫ್ ಮಾಡಿ, ಕ್ಯಾಸೆಟ್ಟನ್ನು ಇನ್ನೊಂದು ಯಂತ್ರಕ್ಕೆ ಹಾಕಿ ನೋಡಿದರೆ ಸಂಶಯ ಪರಿಹಾರ.

ಪ್ರಶ್ನೆ (ಮಣಿಪಾಲ): ಬಟನ್ ಒತ್ತಿದ ಮೇಲೆ ಹಾರುವುದು ತಡ ಅನ್ನಿಸುತ್ತದೆ. ಭ್ರಮೆಯೋ ನಿಜವೋ ಅಳೆಯುವುದು ಹೇಗೆ?

ಉತ್ತರ: ಫೋನಿನ ಸ್ಲೋ ಮೋಷನ್ ಸಾಕು. ಸೆಕೆಂಡಿಗೆ 240 ಚಿತ್ರದಲ್ಲಿ ಹೆಬ್ಬೆರಳು ಮತ್ತು ತೆರೆ ಎರಡೂ ಕಾಣುವಂತೆ ಚಿತ್ರೀಕರಿಸಿ. ಬಟನ್ ತಳ ಮುಟ್ಟಿದ ಚಿತ್ರದಿಂದ ಪಾತ್ರ ಮೊದಲು ಕದಲಿದ ಚಿತ್ರದವರೆಗೆ ಎಣಿಸಿ, 4.2ರಿಂದ ಗುಣಿಸಿ; ಬರುವುದು ಮಿಲಿಸೆಕೆಂಡ್. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಆಟ ಸೆಕೆಂಡಿಗೆ 60 ಸಲ ಮಾತ್ರ ಹೊಸ ಚಿತ್ರ ಬರೆಯುವುದರಿಂದ ನಾಲ್ಕು ಚಿತ್ರದಷ್ಟು ಏರುಪೇರು ಸಹಜ. 12 ಚಿತ್ರ, ಅಂದರೆ 50 ಮಿಲಿಸೆಕೆಂಡಿನೊಳಗಿದ್ದರೆ ದೂರಬೇಡಿ. 24 ದಾಟಿದರೆ ನಿಮ್ಮ ಬೆರಳಿನ ತಪ್ಪಲ್ಲ.

ಪ್ರಶ್ನೆ (ಕಾರ್ಕಳ): ಟೈಪ್-ಸಿ ಸಾಕೆಟ್ ಉಂಟು, ಆದರೆ ಫೋನಿನ ಚಾರ್ಜರಿನಲ್ಲಿ ಚಾರ್ಜೇ ಆಗುವುದಿಲ್ಲ. ಹಿಂಬದಿಯ ಮುಚ್ಚಳವೂ ಸ್ವಲ್ಪ ಎದ್ದಿದೆ.

ಉತ್ತರ: ಮುಚ್ಚಳ ಎದ್ದಿದೆ ಎಂದರೆ ಬ್ಯಾಟರಿ ಉಬ್ಬಿರಬಹುದು, ಮೊದಲು ಅದನ್ನು ನೋಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಇ-ತ್ಯಾಜ್ಯ ಸಂಗ್ರಹಿಸುವಲ್ಲಿ ಕೊಡಿ, ಮನೆಯ ಕಸಕ್ಕೆ ಬೇಡ. ಬಹಳಷ್ಟು ಅಗ್ಗದ ಕೈಗೇಮ್‌ಗಳಲ್ಲಿ ಹಳೇ ಫೋನಿನ ಬಿಎಲ್-5ಸಿ ಅಳತೆಯ ಬ್ಯಾಟರಿಯೇ ಇರುವುದರಿಂದ ಬದಲಿ ಕಷ್ಟವಲ್ಲ.

ಚಾರ್ಜ್ ಆಗದ್ದಕ್ಕೆ ಕಾರಣ ಬೇರೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲಿನಲ್ಲಿ ಚಾರ್ಜರ್ ವಿದ್ಯುತ್ ಬಿಡಬೇಕಾದರೆ ಯಂತ್ರದೊಳಗೆ 5.1 ಕಿಲೋಓಮಿನ ಎರಡು ರೆಸಿಸ್ಟರ್ ಇರಬೇಕು. ಖರ್ಚು ಉಳಿಸಲು ತಯಾರಕರು ಅವನ್ನು ಹಾಕದೆ ಬಿಟ್ಟಿರುತ್ತಾರೆ. ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್, 5 ವೋಲ್ಟ್ 1 ಆಂಪಿಯರಿನ ಸಾದಾ ಚಾರ್ಜರ್ ಬಳಸಿದರೆ ಆಗುತ್ತದೆ.

ಪ್ರಶ್ನೆ (ಮೂಡುಬಿದಿರೆ): ‘9999999 ಇನ್ 1’ ಕ್ಯಾಸೆಟ್ಟಿನಲ್ಲಿ ನಿಜಕ್ಕೂ ಎಷ್ಟು ಆಟ?

ಉತ್ತರ: ಪಟ್ಟಿಯಲ್ಲಿ ಕೆಳಗೆ ಹೋಗುತ್ತಾ ಒಂದೊಂದನ್ನೇ ತೆರೆಯಿರಿ. ಕೆಲವೇ ಆಟಗಳ ನಂತರ ಮತ್ತೆ ಮೊದಲಿನದೇ ಬರುತ್ತದೆ, ಹೆಸರು ಬೇರೆ, ಇಲ್ಲವೇ ಎರಡನೇ ಮಟ್ಟದಿಂದ ಶುರು. ಅಲ್ಲಿಯವರೆಗೆ ಎಣಿಸಿದ್ದೇ ಲೆಕ್ಕ.